ನಾಪೋಕ್ಲು ಹುಡುಗಿ, ಬೆಂಗಳೂರಿನ ಕೇಸು

ಜುಲೈ 24, 2025, ಗುರುವಾರ
ಮಡಿಕೇರಿ

ಕಕ್ಕಡ ತಿಂಗಳ ಮಳೆ. ಕರೆಂಟ್ ಇಲ್ಲ. ಸಂಜೆ ವಕೀಲೆಯಾದ ನನ್ನ ಹತ್ರ ನಾಪೋಕ್ಲು ಕಡೆಯ ಹುಡುಗಿ ಅಪ್ಪನ ಜೊತೆ ಬಂದಳು, ಕೈಯಲ್ಲಿ ಬೆಂಗಳೂರು ಫ್ಯಾಮಿಲಿ ಕೋರ್ಟಿನ ಸಮನ್ಸ್. ಗಂಡ ಕ್ರೌರ್ಯ ಅಂತ ಹೇಳಿ ವಿಚ್ಛೇದನ ಕೇಳಿದ್ದಾನೆ. ಮಗುವಿಗೆ ನಾಲ್ಕು ವರ್ಷ. ಜೀವನಾಂಶದ ಅರ್ಜಿ ಮಾತ್ರ ಇಲ್ಲಿ ಮಡಿಕೇರಿಯಲ್ಲಿ ನಡೀತಿದೆ.

"ಅಕ್ಕಾ, ಇಲ್ಲಿನ ಜಡ್ಜ್ ಹತ್ರಾನೇ ಕೇಳ್ಕೊಂಡ್ರೆ ಬೆಂಗಳೂರಿನ ಕೇಸ್ ಇಲ್ಲಿಗೆ ತರಿಸ್ಕೊಡಲ್ವಾ?"

ಎಲ್ಲರೂ ಮೊದಲು ಕೇಳೋದು ಇದನ್ನೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂನಲ್ಲಿ ಜಿಲ್ಲಾ ನ್ಯಾಯಾಧೀಶರಿಗೂ ವರ್ಗಾಯಿಸುವ ಅಧಿಕಾರ ಇದೆ, ಆದರೆ ತಮ್ಮ ಕೈಕೆಳಗಿನ ಕೋರ್ಟುಗಳ ನಡುವೆ ಮಾತ್ರ. ಜಿಲ್ಲೆ ದಾಟಿತೋ, ಹೈಕೋರ್ಟ್. ಕೊಡಗು ಹೈಕೋರ್ಟಿನ ಧಾರವಾಡ ಪೀಠಕ್ಕೂ ಸೇರಿಲ್ಲ, ಕಲಬುರಗಿ ಪೀಠಕ್ಕೂ ಸೇರಿಲ್ಲ. ಬೆಂಗಳೂರಿನ ಪ್ರಧಾನ ಪೀಠದಲ್ಲೇ ಸಿವಿಲ್ ಪಿಟಿಷನ್ ಹಾಕಬೇಕು. ರಾಜ್ಯ ದಾಟಿದರೆ 25ನೇ ಕಲಂ, ಸುಪ್ರೀಂ ಕೋರ್ಟ್. ವಿರಾಜಪೇಟೆಯವರ ಪಾಡು ನೋಡಿ: ಮಾಕುಟ್ಟ ಘಾಟಿ ಇಳಿದರೆ ಕೇರಳ, ತಲಶ್ಶೇರಿ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಅಲ್ಲಿಂದ ಕೇಸ್ ತರಿಸಲು ಮಾತ್ರ ದೆಹಲಿ ಬಾಗಿಲು ತಟ್ಟಬೇಕು. ಹಳೆಯ ದಂಡ ಸಂಹಿತೆಯ 498ಎ (ಗಂಡ, ಗಂಡನ ಮನೆಯವರ ಕ್ರೌರ್ಯ) ತರದ ಕ್ರಿಮಿನಲ್ ಕೇಸಿಗೆ ದಾರಿಯೇ ಬೇರೆ. ರಾಜ್ಯದೊಳಗೆ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 447ನೇ ಕಲಂ.

ಅಪ್ಪನಿಗೆ ಅವಸರ. "ಮೇಡಂ, ನಾವೂ ಒಂದು ಡೈವೋರ್ಸ್ ಇಲ್ಲೇ ಹಾಕಿಬಿಡೋಣ. ಎರಡೂ ಒಟ್ಟಿಗೆ ಇಲ್ಲೇ ನಡೀಲಿ."

ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ತಾನಿರುವ ಊರಲ್ಲೇ ಹಾಕಲು 2003ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೆ ಹಿಂದೂ ವಿವಾಹ ಕಾಯ್ದೆಯ 21ಎ ಕಲಂ ಅನ್ನೋ ಹೊಂಡ ಅಲ್ಲೇ ಇದೆ. ಇಬ್ಬರೂ ಬೇರೆ ಬೇರೆ ಜಿಲ್ಲೆಯಲ್ಲಿ ವಿಚ್ಛೇದನ ಕೇಳಿದ್ದರೆ, ಆಮೇಲೆ ಹಾಕಿದ್ದು ಮೊದಲು ಹಾಕಿದ ಕೋರ್ಟಿಗೆ ಹೋಗಬೇಕು. ಅಂದರೆ ಇವಳ ಅರ್ಜಿಯೇ ಬೆಂಗಳೂರಿಗೆ! 21ಎ ಇದೆ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂನ ವರ್ಗಾವಣೆ ಅಧಿಕಾರ ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 1981ರಲ್ಲಿ, ಗುಡ ವಿಜಯಲಕ್ಷ್ಮಿ ಪ್ರಕರಣದಲ್ಲಿ ಹೇಳಿದೆ, ನಿಜ. ಹಾಗಂತ ಎದುರಿನವರ ಕೈಗೆ ನಾವೇ ವಾದ ಕೊಡೋದು ಯಾಕೆ? ಜೀವನಾಂಶದ ಅರ್ಜಿ ಇಲ್ಲಿ ನಡೀತಿರೋದೇ ನಮಗೆ ಸಾಕಷ್ಟು ಬಲ. ಅದಕ್ಕೆ ಅವನು ಹೇಗೂ ಮಡಿಕೇರಿಗೆ ಬರಲೇಬೇಕು.

ವರ್ಗಾವಣೆ ಅರ್ಜಿ ಗೆಲ್ಲೋದು, ಸೋಲೋದು ಅಫಿಡವಿಟ್‌ನಲ್ಲಿ. ಹೆಂಡತಿಯ ಅನುಕೂಲವನ್ನು ಮೊದಲು ನೋಡಬೇಕು ಅನ್ನೋ ಧೋರಣೆ ಸುಪ್ರೀಂ ಕೋರ್ಟಿನ ಸುಮಿತಾ ಸಿಂಗ್ ಪ್ರಕರಣದಿಂದಲೂ ಇದೆ, 2022ರ ಐಶ್ವರ್ಯಾ ಪ್ರಕರಣದಲ್ಲಿ ಮತ್ತೆ ಹೇಳಿದ್ದಾರೆ. ಆದರೆ ಅನಿಂದಿತಾ ದಾಸ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್, ಈ ರಿಯಾಯಿತಿಯ ದುರುಪಯೋಗ ಆಗ್ತಿದೆ, ಪ್ರತಿ ಅರ್ಜಿಯನ್ನೂ ಅದರದೇ ಯೋಗ್ಯತೆ ಮೇಲೆ ನೋಡಬೇಕು ಅಂದಿದೆ. ಅದಕ್ಕೇ "ಅರ್ಜಿದಾರಳಿಗೆ ತುಂಬಾ ತೊಂದರೆಯಾಗುತ್ತದೆ" ಅಂತ ಒಂದು ಸಾಲು ಬರೆದು ಸಹಿ ಹಾಕಿಸಿದರೆ ಏನೂ ಪ್ರಯೋಜನ ಇಲ್ಲ. ಹೋಗೋಕೆ 250 ಕಿಲೋಮೀಟರ್ ಮೇಲೆ, ಕೊಡಗಿಗೆ ರೈಲಿಲ್ಲ, ಬೆಳಗಿನ ವಾಯಿದೆಗೆ ಹಿಂದಿನ ರಾತ್ರಿಯೇ ಹೊರಡಬೇಕು, ಬೆಂಗಳೂರಲ್ಲಿ ಉಳಿಯಲು ನೆಂಟರಿಲ್ಲ, ಮಗುವನ್ನು ಯಾರ ಹತ್ರ ಬಿಡೋದು, ಅಪ್ಪನ ಮಂಡಿನೋವಿನ ಡಾಕ್ಟರ್ ಚೀಟಿ, ಅವಳ ಸಂಪಾದನೆ ಎಷ್ಟು, ಇಲ್ಲವೇ ಇಲ್ಲವಾ – ಇವನ್ನೆಲ್ಲ ಬಿಡಿಬಿಡಿಯಾಗಿ, ದಾಖಲೆ ಸಮೇತ. ಗುಡ್ಡ ಕುಸಿತದ ವಿಷಯ ಅಪ್ಪ ಎರಡು ಸಲ ತೆಗೆದರು. 2018ರ ಆಗಸ್ಟ್ ನೋಡಿದವರಿಗೆ ಆ ಭಯ ಸಹಜ. ಆದರೆ ಮಳೆಯೊಂದನ್ನೇ ಹಿಡಿದು ನಿಂತರೆ, ದೀಪಾವಳಿ ಹೊತ್ತಿಗೆ ಆ ಕಾರಣವೇ ಒಣಗಿಹೋಗಿರುತ್ತೆ.

ಊರಲ್ಲಿ ಯಾರೋ ಸಮನ್ಸ್ ತಗೋಬೇಡ ಅಂದಿದ್ದರಂತೆ. ಇಂಥ ಬುದ್ಧಿ ಹೇಳುವವರನ್ನು ಕಂಡರೆ ಮೈ ಉರಿಯುತ್ತೆ. ತಗೊಳ್ಳದೆ ವಾಪಸ್ ಕಳಿಸಿದರೂ ಜಾರಿ ಆದ ಲೆಕ್ಕವೇ. ಅದಕ್ಕಿಂತ ದೊಡ್ಡ ಎಡವಟ್ಟು, ಹೈಕೋರ್ಟಲ್ಲಿ ಹಾಕಿದ್ದೀವಲ್ಲ ಅಂತ ಕೆಳಗಿನ ಕೋರ್ಟಿನ ವಾಯಿದೆಗೆ ಹೋಗದೇ ಇರೋದು. ಅರ್ಜಿ ಹಾಕಿದ ಮಾತ್ರಕ್ಕೆ ಅಲ್ಲಿನ ಕೇಸ್ ನಿಲ್ಲಲ್ಲ. ಸ್ಟೇಗೆ ಬೇರೆ ಐಎ (ಮಧ್ಯಂತರ ಅರ್ಜಿ) ಹಾಕಬೇಕು. ಸ್ಟೇ ಸಿಗೋವರೆಗೆ ಬೆಂಗಳೂರಿನ ವಕೀಲರೊಬ್ಬರ ವಕಾಲತ್ತು ಇರಲಿ, ವರ್ಗಾವಣೆ ಅರ್ಜಿಯ ಪ್ರತಿ ಲಗತ್ತಿಸಿ ಮೆಮೊ ಕೊಡಲಿ. ಇಲ್ಲದಿದ್ದರೆ ಎಕ್ಸ್‌ಪಾರ್ಟಿ ಡಿಕ್ರಿ (ಇವಳ ಗೈರಲ್ಲೇ ತೀರ್ಪು) ಆಗಿ, ವರ್ಗಾಯಿಸಲು ಕೇಸೇ ಉಳಿದಿರಲ್ಲ; ಆಮೇಲೆ ಅದನ್ನು ರದ್ದು ಮಾಡಿಸಲು ಮತ್ತೆ ಬೆಂಗಳೂರಿಗೇ ಅಲೆದಾಟ.

ಖರ್ಚಿನ ಮಾತು ಬಂದಾಗ ಇಬ್ಬರೂ ಸುಮ್ಮನಾದರು. ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ, ಆ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. ಮಡಿಕೇರಿ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಹೈಕೋರ್ಟ್ ಸಮಿತಿಗೆ ಕಳಿಸಬಹುದು ಅಂದೆ.

"ಬೆಂಗಳೂರಿನ ಕೋರ್ಟಿಗೆ ವಿಡಿಯೋದಲ್ಲೇ ಮಾತಾಡಿದ್ರೆ ಆಗಲ್ವಾ ಅಕ್ಕಾ?" 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಸಂತಿನಿ ತೀರ್ಪು ಇದಕ್ಕೆ ಬೇಲಿ ಹಾಕಿದೆ: ಮೊದಲು ರಾಜಿ ಪ್ರಯತ್ನ, ಅದು ಮುರಿದರೆ ಇಬ್ಬರ ಒಪ್ಪಿಗೆ, ಆಮೇಲೆ ಫ್ಯಾಮಿಲಿ ಕೋರ್ಟಿನ ವಿವೇಚನೆ.

ಗಂಡನ ಕಡೆಯವರು ಖಂಡಿತ ಹೇಳುವ ಮಾತು ಒಂದಿದೆ, ಬಂದುಹೋಗುವ ಖರ್ಚು ನಾವೇ ಕೊಡ್ತೀವಿ ಅಂತ. ಕೆಲವು ಸಲ ಅಷ್ಟಕ್ಕೇ ಅರ್ಜಿ ಬಿದ್ದುಹೋಗುತ್ತೆ. ಹಣ ಕೊಟ್ಟರೆ ಬಸ್ ಟಿಕೆಟ್ ಆಯ್ತು, ನಾಲ್ಕು ವರ್ಷದ ಕೂಸನ್ನು ನೋಡಿಕೊಳ್ಳೋರು ಯಾರು? ಹಾಗಾಗಿ ಮಗುವಿನ ವಿಷಯವೇ ಮೊದಲ ಪ್ಯಾರಾಕ್ಕೆ ಬರಬೇಕು. ಆದರೆ ಜನನ ಪ್ರಮಾಣಪತ್ರದಲ್ಲಿ ಅಮ್ಮನ ಹೆಸರು ಒಂದು ತರ, ಆಧಾರ್‌ನಲ್ಲಿ ಇನ್ನೊಂದು ತರ. ಅದನ್ನು ಅಫಿಡವಿಟ್‌ನಲ್ಲೇ ವಿವರಿಸೋದಾ, ಇಲ್ಲಾ ಮೊದಲು ತಿದ್ದಿಸಿ…