ಕ್ಯಾಸೆಟ್ ಕೆಲಸ: ಅಂತೂ ಶ್ರುತಿ ಕೂತಿತು

ಅಮ್ಮನ ಹಳೆಯ ಹಾಡಿರುವ, ಮೂರು ವಾರಗಳಿಂದ ಸತಾಯಿಸುತ್ತಿದ್ದ ಸಿ-60 ಕ್ಯಾಸೆಟ್ಟಿನ ಬಿ ಬದಿ ನಿನ್ನೆ ರಾತ್ರಿ ದಾರಿಗೆ ಬಂತು. ಉದುರಿದ್ದ ಪ್ಯಾಡ್ ಅಂಟಿಸಿದ್ದು, ಹೆಡ್ ಒರೆಸಿದ್ದು, ಹೆಡ್ಡಿನ ಓರೆ ಸರಿಪಡಿಸುವ ಅಜಿಮತ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ದನಿಯ ಮಬ್ಬು ಕಳೆದದ್ದು ಎಲ್ಲರೂ ಮಾಡುವ ಕೆಲಸಗಳೇ ಆದ್ದರಿಂದ ಅವನ್ನು ವಿವರಿಸುವುದಿಲ್ಲ. ಬೆಲ್ಟಿನ ಬಗ್ಗೆ ಮಾತ್ರ ಒಂದು ದೂರು ದಾಖಲಾಗಲಿ: ಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಬರೆದು, ಚಿತ್ರವನ್ನೂ ಬಿಡಿಸಿ ಕಳುಹಿಸಿದರೂ ಮಾರಾಟಗಾರರಿಂದ ಎರಡು ಸಲವೂ ಬಂದದ್ದು ಕೈಗೆ ಬಳೆಯಾಗಿ ತೊಡಬಹುದಾದಂಥದ್ದು; ಮೂರನೆಯದು ಸರಿಯಾಗಿ ಕೂತಿತು, ಆದರೆ ಅದರ ಪೊಟ್ಟಣದ ಮೇಲೆ ಬೇರೆ ಯಾವುದೋ ಯಂತ್ರದ ಹೆಸರಿತ್ತು.

ನಿಜವಾದ ತೊಡಕು ಶ್ರುತಿಯದು. ವೇಗ ಅಳೆಯುವ ಟೆಸ್ಟ್ ಟೇಪಿನ 3150 ಹರ್ಟ್ಸ್ ಸ್ವರ ಅಲುಗದೆ ನಿಂತಿತ್ತು, ಎಂದರೆ ನನ್ನ ಡೆಕ್ಕಿನ (ಕ್ಯಾಸೆಟ್ ನುಡಿಸುವ ಯಂತ್ರದ) ವೇಗ ಕ್ಯಾಸೆಟ್ಟಿಗೆ ಗೊತ್ತುಮಾಡಿದ ಸೆಕೆಂಡಿಗೆ 4.76 ಸೆಂಟಿಮೀಟರಿನಲ್ಲೇ ಇತ್ತು. ಆದರೂ ಅಮ್ಮನ ಹಾಡು ಯಾರೋ ಹುಡುಗಿ ಹಾಡಿದಂತೆ ಕೇಳಿಸುತ್ತಿತ್ತು. ಈ ಹಾಡು ನನಗೆ ಪೂರ್ತಿ ಮರೆತಿತ್ತು. ಪಲ್ಲವಿಯ ಧಾಟಿಯೊಂದೇ, ಪದಗಳಿಲ್ಲದೆ, ಆಗಾಗ ನಾಲಗೆಯ ತುದಿಗೆ ಬಂದು ಹೋಗುತ್ತಿತ್ತು. ಆ ಧಾಟಿಯನ್ನು ನಂಬಿ ಎರಡು ಸಂಜೆ ಕಿವಿಯಿಂದಲೇ ಶ್ರುತಿ ಇಳಿಸಲು ಹೆಣಗಿದೆ. ಎಷ್ಟು ಇಳಿಸಿದರೂ ನೆನಪು “ಹೌದು, ಇದೇ” ಎಂದು ತಲೆಯಾಡಿಸುತ್ತಿತ್ತು, ಮರುದಿನ ಬೆಳಿಗ್ಗೆ ಅಲ್ಲವೆನ್ನುತ್ತಿತ್ತು.

ಹಾಡು ಶುರುವಾಗುವ ಮೊದಲು ನಾಲ್ಕೈದು ಸೆಕೆಂಡು ಬರೀ ಗುಂಯ್ಗುಡುವ ಸದ್ದಿದೆ. ರೆಕಾರ್ಡ್ ಮಾಡಿದ ಯಂತ್ರ ಕರೆಂಟಿನಲ್ಲಿ ಓಡಿತ್ತು, ನಮ್ಮ ಕರೆಂಟಿನ ಕಂಪನ 50 ಹರ್ಟ್ಸ್, ಆದ್ದರಿಂದ ಆ ಸದ್ದು 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ಇರಬೇಕು. ಸದ್ದನ್ನು ಕಂಪನಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ ನೋಡಿದರೆ 150ರ ಹತ್ತಿರ ಒಂದು ಉಬ್ಬು ಕಂಡಿತು. ವೇಗ ಸರಿಯಿದೆ ಎಂದುಕೊಂಡು ಅಮ್ಮನ ದನಿಯನ್ನೇ ಅನುಮಾನಿಸಿದೆ. ತಪ್ಪು ನನ್ನದೇ. ಸೆಕೆಂಡಿಗೆ 48,000 ಸ್ಯಾಂಪಲ್ ದರಕ್ಕೆ 4096 ಸ್ಯಾಂಪಲ್‌ಗಳ ಕಿಟಕಿ (ಒಮ್ಮೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ತುಣುಕು) ಇಟ್ಟರೆ ಸುಮಾರು 11.7 ಹರ್ಟ್ಸ್‌ಗಿಂತ ಹತ್ತಿರದ ಎರಡು ಸ್ವರಗಳು ಬೇರೆಯಾಗಿ ಕಾಣುವುದಿಲ್ಲ. ಕಿಟಕಿಯನ್ನು 65,536ಕ್ಕೆ ಹಿಗ್ಗಿಸಿದಾಗ ಆ ಉಬ್ಬು 150 ಮತ್ತು 159 ಎಂಬ ಎರಡು ಗೆರೆಗಳಾಗಿ ಸೀಳಿತು. ಟೇಪನ್ನು ನಿಲ್ಲಿಸಿದೆ: 150 ಹಾಗೆಯೇ ಉಳಿಯಿತು, 159 ಮಾಯವಾಯಿತು. ಉಳಿದದ್ದು ನನ್ನ ಡೆಕ್ಕಿನದೇ ಗೊಣಗಾಟ, ಮಾಯವಾದದ್ದು ಅಂದಿನ ಕೋಣೆಯದು.

150 ಎಂದರೆ 50ರ ಮೂರರಷ್ಟು; 159ನ್ನೂ ಮೂರರಿಂದ ಭಾಗಿಸಿದರೆ 50ರ ಬದಲು 53, ಎಂದರೆ ಟೇಪು ಇಂದು ವೇಗವಾಗಿ ಓಡುತ್ತಿದೆ. ಹಳೆಯ ಯಂತ್ರ ಸುಮಾರು 4.5 ಸೆಂಟಿಮೀಟರಿನಲ್ಲಿ ತೆವಳಿತ್ತು, ಅದರ ಬೆಲ್ಟೂ ಸಡಿಲವಾಗಿದ್ದಿರಬೇಕು. ವೇಗವನ್ನು ಶೇಕಡಾ 5.7ರಷ್ಟು ತಗ್ಗಿಸಿದೆ, ಹಾಡು ಒಂದು ಸ್ವರಸ್ಥಾನ ಕೆಳಗಿಳಿಯಿತು, ಹುಡುಗಿ ಹೋಗಿ ಅಮ್ಮ ಬಂದಳು, ಹಾಡುವ ಮುನ್ನ ಗಂಟಲು ಸರಿಮಾಡಿಕೊಳ್ಳುವ ಆ ಸಣ್ಣ ಕೆಮ್ಮಿನ ಸಮೇತ.

ಇದೇ ಲೆಕ್ಕವನ್ನು ಅಟ್ಟದ ಮೇಲಿನ ಸ್ಪೂಲ್ ಟೇಪುಗಳ ಮೇಲೂ ಪ್ರಯೋಗಿಸಬೇಕೆಂದಿದ್ದೇನೆ. ಅಲ್ಲಿ ವೇಗ 9.5 ಸೆಂಟಿಮೀಟರೋ 19ಓ ಎಂಬುದೇ ಡಬ್ಬಿಯ ಮೇಲಿಲ್ಲ, ಮೋಟಾರಿನ ರಬ್ಬರು ಚಕ್ರ ಬೇರೆ ಕರಗಿ ಬೆಲ್ಲದ ಪಾಕವಾಗಿದೆ. ಅದಕ್ಕೂ ಅದೇ ಮಾರಾಟಗಾರರನ್ನೇ ಕೇಳಬೇಕು.

ಎರಡನೆಯ ಚರಣದಲ್ಲಿ ಅಮ್ಮ ಸಾಲು ಮರೆತು ಬರೀ ರಾಗ ಎಳೆಯುತ್ತಾಳೆ. ಹಿಂದೆ ಏನೋ ಪಿಸುಗುಟ್ಟಿದಂತಿತ್ತು; ವೇಗ ಸರಿಯಾದ ಮೇಲೆ ಅದು ಸ್ಪಷ್ಟವಾಯಿತು. ನಾಲ್ಕೈದು ವರ್ಷದ ನಾನು, ತಾಳ್ಮೆಗೆಟ್ಟು: “ಅಮ್ಮಾ, ದೋಣಿ... ದೋಣಿ ಅನ್ನು!”