ರಾತ್ರಿ ಎರಡೂವರೆಯ ಬಾಟಲಿ

ಮೂಡಿಗೆರೆಯ ಜುಲೈ ಮಳೆಯಲ್ಲಿ ಬಟ್ಟೆ ಬಿಡಿ, ತೊಳೆದಿಟ್ಟ ಹಾಲಿನ ಬಾಟಲಿಯೂ ಒಣಗುವುದಿಲ್ಲ. ಮಗಳಿಗೆ ಏಳು ವಾರ. ನನಗೆ ಹಾಲು ಸಾಲಲಿಲ್ಲ, ಡಾಕ್ಟರ್ ಪುಡಿ ಹಾಲು ಬರೆದುಕೊಟ್ಟರು. ಮೂರು ಗಂಟೆಗೊಮ್ಮೆ 90 ಎಂಎಲ್. ಅವಳೇನು ಗಡಿಯಾರ ನೋಡ್ತಾಳಾ? ಸಂಜೆಯಾದರೆ ಗಂಟೆಗೊಮ್ಮೆ ಬೇಕು.

ಮೊದಮೊದಲು ಕರೆಂಟ್ ಹೋದಾಗ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಚಮಚ ಎಣಿಸುತ್ತಿದ್ದೆ. ಎರಡೋ ಮೂರೋ ಮರೆತು, ಎಲ್ಲಾ ಚೆಲ್ಲಿ ಮತ್ತೆ ಶುರು. ಈಗ ಕುದಿಸಿದ ನೀರು ಫ್ಲಾಸ್ಕಿನಲ್ಲಿ, ಅಳೆದ ಪುಡಿ ಪುಟ್ಟ ಡಬ್ಬಿಗಳಲ್ಲಿ ರೆಡಿ. ಬೆರೆಸುವಾಗ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಪುಡಿಯಲ್ಲಿ ಕ್ರಿಮಿ ಇದ್ದರೆ ಸಾಯಬೇಕಲ್ವಾ. ಆಮೇಲೆ ಬಾಟಲಿಯನ್ನು ತಣ್ಣೀರಲ್ಲಿ ಇಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ. ಕುಡಿದು ಮಿಕ್ಕಿದ್ದನ್ನು ಚೆಲ್ಲಲೇಬೇಕು. ಅತ್ತೆಗೆ ಇದೊಂದು ಸಹಿಸಲಾಗದು. "ಅಷ್ಟು ದುಡ್ಡು ಕೊಟ್ಟು ತಂದಿದ್ದು ಕಣೇ" ಅಂತಾರೆ.

ನಿದ್ದೆಗೆ ದೊಡ್ಡ ಉಪಾಯವೇನಿಲ್ಲ. ಹಗಲು ಕಿಟಕಿ ತೆರೆದು ಮಾತಾಡಿಸುತ್ತೇನೆ. ರಾತ್ರಿ ಮಂದ ದೀಪ, ಮಾತೇ ಇಲ್ಲ. ತೇಗು ಬಂದ ಮೇಲೆ ಅಂಗಾತ ಮಲಗಿಸುವುದು, ದಿಂಬು ಬೇಡ. ಹತ್ತು ಗಂಟೆಯ ಬಾಟಲಿ ಇವರದ್ದು. ಅಷ್ಟರಲ್ಲಿ ನನಗೊಂದು ನಿದ್ದೆ.

ನಿನ್ನೆ ಅವಳು ನಾಲ್ಕೂವರೆ ಗಂಟೆ ಸತತ ಮಲಗಿದಳು. ನಾನು ಮಾತ್ರ ಎರಡೂವರೆಗೇ ಎದ್ದು, ಉಸಿರಾಡ್ತಿದ್ದಾಳಾ ಅಂತ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೆ.