ಹರಿದ ಹಿಮ್ಮಡಿ ಕೂಡಿಕೊಳ್ಳುವ ಬಗೆ

ಶಟಲ್ ಆಡುವಾಗ ಹರಿದ ನನ್ನ ಎಡಗಾಲಿನ ಅಕಿಲಿಸ್ ಟೆಂಡನ್‌ಗೆ, ಎಂದರೆ ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ದಪ್ಪ ಸ್ನಾಯುರಜ್ಜುವಿಗೆ, ಶಸ್ತ್ರಚಿಕಿತ್ಸೆಯಾಗಿ ಕೊಪ್ಪಳದ ಮನೆಗೆ ಮರಳಿದಾಗ, ನೋಡಲು ಬಂದವರೆಲ್ಲ ಯಾವಾಗ ನಡೆಯುತ್ತೀರಿ ಎಂದೇ ಕೇಳುತ್ತಿದ್ದರು. ನಡಿಗೆ ಬಂದೇ ಬರುತ್ತದೆ. ರಜ್ಜು ಎಷ್ಟು ಉದ್ದಕ್ಕೆ ಕೂಡಿಕೊಳ್ಳುತ್ತದೆ ಎಂಬುದೇ ಅದಕ್ಕಿಂತ ದೊಡ್ಡ ಪ್ರಶ್ನೆ.

ಮೊದಲ ವಾರಗಳಲ್ಲಿ ಅದನ್ನು ಹೆಚ್ಚು ಎಳೆದರೆ ಉದ್ದವಾಗಿಯೇ ಮಾಯುತ್ತದೆ. ಆಮೇಲೆ ಎಷ್ಟು ವ್ಯಾಯಾಮ ಮಾಡಿದರೂ ನೆಲವನ್ನು ಒತ್ತಿ ಮುಂದೆ ಚಿಮ್ಮುವ ಬಲ ಪೂರ್ತಿ ಮರಳುವುದು ಕಷ್ಟ. ಪಾದವನ್ನು ಬೆರಳು ಕೆಳಮುಖವಾಗಿರುವಂತೆ ಕಟ್ಟುವುದು, ಬಳಿಕ ಪಾದ ಅಲುಗದಂತೆ ಹಿಡಿಯುವ ವೈದ್ಯಕೀಯ ಬೂಟಿನೊಳಗೆ ಹಿಮ್ಮಡಿಯಡಿ ಬೆಣೆಗಳನ್ನಿಟ್ಟು ಒಂದೊಂದಾಗಿ ತೆಗೆಯುತ್ತ ಹೋಗುವುದು ಇದಕ್ಕಾಗಿಯೇ.

ನಮ್ಮ ಕಡೆಯ ಮನೆಗಳಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವೇ ದೊಡ್ಡ ಅಪಾಯ, ಏಕೆಂದರೆ ಆ ಭಂಗಿಯಷ್ಟು ಹಿಮ್ಮಡಿಯನ್ನು ಎಳೆಯುವುದು ಬೇರೊಂದಿಲ್ಲ. ಕಮೋಡ್ ಕುರ್ಚಿಯನ್ನು ಮೊದಲೇ ತಂದಿಟ್ಟುಕೊಳ್ಳಬೇಕು. "ಒಂದೀಟು ಎಣ್ಣಿ ಹಚ್ಚಿ ತಿಕ್ಕಿದ್ರ ಸಡ್ಲ ಆಗತೈತಪಾ" ಎಂದು ಅವ್ವ ಪ್ರೀತಿಯಿಂದ ಕೇಳಿಕೊಂಡರೂ ನಾನು ಒಪ್ಪಲಿಲ್ಲ. ಅಲ್ಲಿನ ಚರ್ಮ ತೆಳು, ರಕ್ತಸಂಚಾರವೂ ಕಡಿಮೆ. ಬೇಸಿಗೆಯ ಬೆವರಿನಲ್ಲಿ ಗಾಯವನ್ನು ಒಣದಾಗಿಡುವುದೇ ಸಾಕಷ್ಟು ಕೆಲಸ. ಮಧುಮೇಹಿಗಳೂ ಬೀಡಿ, ಸಿಗರೇಟು ಸೇದುವವರೂ ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಮೀನಖಂಡ ಬಾತು ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಅಂದೇ ವೈದ್ಯರನ್ನು ಕಾಣಬೇಕು, ಜೊತೆಗೆ ಉಸಿರಾಟವೂ ಕಷ್ಟವಾದರೆ ಒಂದು ಕ್ಷಣವೂ ತಡ ಸಲ್ಲದು.

ಮತ್ತೆ ಹರಿಯುವ ಭಯ ಮೊದಲ 3 ತಿಂಗಳಲ್ಲಿ ಹೆಚ್ಚು, ಅದರಲ್ಲೂ ಬೂಟು ಬಿಚ್ಚಿದ ಹೊಸತರಲ್ಲಿ, ನೋವಿಲ್ಲವೆಂಬ ಧೈರ್ಯದಲ್ಲಿ ಕಾಲು ಜಾರಿದಾಗ. ಮುಂದಿನ ಪರೀಕ್ಷೆ ಹಿಮ್ಮಡಿ ಎತ್ತುವುದು. ಅಡುಗೆಮನೆಯ ಕಟ್ಟೆ ಹಿಡಿದು ಎರಡೂ ಕಾಲಿನಲ್ಲಿ ಎದ್ದು ನಿಂತಾಗ ಭಾರವೆಲ್ಲ ತಾನಾಗಿಯೇ ಬಲಗಾಲಿಗೆ ಸರಿಯುತ್ತಿತ್ತು. ಎಡಗಾಲೊಂದರಲ್ಲೇ ಏಳಲು ಹೋದರೆ ಮೊಣಕಾಲು ಮಡಿಚಿ, ಮೈ ಮುಂದಕ್ಕೆ ವಾಲಿ, ಹಿಮ್ಮಡಿ ಮಾತ್ರ ನಡುಗುತ್ತ ಒಂದು ಬೆರಳಿನಷ್ಟು ಏಳುತ್ತಿತ್ತು. ಅದನ್ನು ನೋಡಿಯೇ ಫಿಸಿಯೋಥೆರಪಿಸ್ಟ್ ನನಗೆ ಓಟವನ್ನು ಮುಂದೂಡಿದರು. ತಾರೀಖಿಗಿಂತ ಬಲವನ್ನು ನಂಬುವ ಈ ಕ್ರಮವೇ ಸರಿಯೆಂದು ನನಗನ್ನಿಸುತ್ತದೆ. ಆಟಕ್ಕೆ ಮರಳಲು 6ರಿಂದ 12 ತಿಂಗಳು ಹಿಡಿಯುವುದು ಸಾಮಾನ್ಯ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಬೇಕೆಂಬ ಆಸೆ ನನಗಿದೆ, ಆದರೆ ಇಳಿಯುವಾಗ ಪ್ರತಿ ಮೆಟ್ಟಿಲಿನಲ್ಲೂ ಮೈಭಾರವನ್ನು ತಡೆದು ನಿಧಾನವಾಗಿ ಇಳಿಸಬೇಕಾದದ್ದು ಇದೇ ಮೀನಖಂಡವಾದ್ದರಿಂದ, ಒಂಟಿಕಾಲಿನಲ್ಲಿ ಹಿಮ್ಮಡಿ ಪೂರ್ತಿ ಏಳುವವರೆಗೆ ಹೋಗುವುದಿಲ್ಲ.